ಹಾವೇರಿಯಲ್ಲಿ ಇಳಿದು ನೋಡಿ

ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿಯಲ್ಲಿ ಓಡಾಡುವವರಿಗೆ ಹಾವೇರಿ ಎಂದರೆ ಚಹಾ ಕುಡಿಯುವಷ್ಟು ಹೊತ್ತಿನ ಊರು. ಪ್ರವಾಸ ಎಂದಕೂಡಲೇ ಹಂಪಿ, ಬಾದಾಮಿ ನೆನಪಾಗುತ್ತವೆ. ರೂಮು, ಗೈಡು, ಟಿಕೆಟ್ಟು ಅಂತ ಕಿಸೆ ಹಗುರಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಒಳ್ಳೊಳ್ಳೆ ಗುಡಿಗಳು ಹಾವೇರಿ ಜಿಲ್ಲೆಯಲ್ಲೂ ಇವೆ, ಗದ್ದಲವಿಲ್ಲದೆ. ಕಾರು ಬೇಕಿಲ್ಲ, ಬಸ್ಸಿನ ಲೆಕ್ಕ ಗೊತ್ತಿದ್ದರೆ ಸಾಕು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದ ಮೇಲಿವೆ, ಇವುಗಳ ನಡುವೆ ಬಸ್ಸಿಗೂ ಕೊರತೆಯಿಲ್ಲ. ಪೇಚಾಟವೆಲ್ಲ ಹಳ್ಳಿ ಬಸ್ಸಿನದು. ರಾತ್ರಿ ಹೋಗಿ ನಿಲ್ಲುವ ವಸ್ತಿ ಬಸ್ಸು ಬೆಳಿಗ್ಗೆ ಕಾಲೇಜು ಹುಡುಗರನ್ನೂ ಸಂತೆಯವರನ್ನೂ ತುಂಬಿಕೊಂಡು ಪೇಟೆಗೆ ಬರುತ್ತದೆ, ಸಂಜೆ ಮತ್ತೆ ಹಳ್ಳಿಗೆ ಹೊರಡುತ್ತದೆ. ಗುಡಿ ನೋಡಲು ಹೊರಟವರ ದಿಕ್ಕು ಇದಕ್ಕೆ ಪೂರಾ ಉಲ್ಟಾ. ಹಾಗಾಗಿ ನಿಲ್ದಾಣದ ಕಂಟ್ರೋಲರ್ ಹತ್ತಿರ ಮೊದಲು ಕೇಳಬೇಕಾದದ್ದು ಹೋಗುವ ಬಸ್ಸನ್ನಲ್ಲ. "ಹೊಳ್ಳಿ ಬರೋ ಬಸ್ಸು ಎಷ್ಟೊತ್ತಿಗೈತ್ರೀ?" ಎಂದು ಕೇಳಿಕೊಂಡೇ ಹತ್ತಿ. ತಪ್ಪಿದರೆ ಟಂಟಂ ಇದೆ, ಆದರೆ ಅದು ತುಂಬಿದ ಮೇಲೇ ಹೊರಡುವುದು. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ, ವೇಗದೂತ ಬಸ್ಸುಗಳು ಉಚಿತ, ಆಧಾರ್ ಕೈಯಲ್ಲಿರಲಿ.

ಗುತ್ತಲದ ಕಡೆ ಹೋದರೆ ತುಂಗಭದ್ರೆಯ ದಂಡೆಯಲ್ಲಿ ಚೌಡಯ್ಯದಾನಪುರ. ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಇಲ್ಲಿಯ ಮುಕ್ತೇಶ್ವರ ಗುಡಿಯಲ್ಲಿ ಶಿಲ್ಪದಷ್ಟೇ ಹೊತ್ತು ಶಾಸನಗಳ ಮುಂದೆಯೂ ನಿಲ್ಲಿ. ಆಳೆತ್ತರದ ಕಲ್ಲುಗಳ ತುಂಬ ಹಳಗನ್ನಡದ ಸಾಲುಗಳು, ಉಜ್ಜಯಿನಿಯ ವಿಕ್ರಮಾದಿತ್ಯನ ವಂಶದವರೆಂದು ಹೇಳಿಕೊಂಡ ಗುತ್ತಲದ ಗುತ್ತರಸರ ಸಂಗತಿ ಇವುಗಳಲ್ಲಿದೆ. ವರದಾ–ತುಂಗಭದ್ರೆಯರ ಸಂಗಮದ ಹತ್ತಿರದ ಗಳಗನಾಥವೂ ಈ ಭಾಗದ್ದೇ. ಎರಡನ್ನೂ ಒಂದೇ ದಿನ ಬಸ್ಸಿನಲ್ಲಿ ಮುಗಿಸುವ ಹಟ ಬೇಡ.

ಸೋಮವಾರ ಅಥವಾ ಗುರುವಾರ ಬಂದಿದ್ದರೆ ಬ್ಯಾಡಗಿಗೆ ಹೋಗಿ. ಅವು ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು, ಜನವರಿಯಿಂದ ಬೇಸಿಗೆಯವರೆಗೆ ಸುಗ್ಗಿ. ದಲಾಲಿ ಅಂಗಡಿಗಳ ಮುಂದೆ ಕೆಂಪು ರಾಶಿ; ಖರೀದಿದಾರರು ಒಂದೊಂದೇ ರಾಶಿ ನೋಡಿಕೊಂಡು ಹೋಗಿ ಇ-ಟೆಂಡರಿನಲ್ಲಿ ದರ ಹಾಕುತ್ತಾರೆ. ಗಿಡ್ಡಗೆ ದಪ್ಪಗಿರುವುದು ಡಬ್ಬಿ, ಉದ್ದಕ್ಕೆ ಸಣಕಲಾಗಿರುವುದು ಕಡ್ಡಿ. ಮೈಯೆಲ್ಲ ಸುಕ್ಕಾದ ಈ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಇದರಿಂದ ತೆಗೆದ ಓಲಿಯೋರೆಸಿನ್ ಎಂಬ ಬಣ್ಣದ ಸಾರ ತಿನಿಸಿಗೂ ಹೋಗುತ್ತದೆ, ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ನೋಡಲು ದುಡ್ಡಿಲ್ಲ, ಆದರೆ ಕರವಸ್ತ್ರ ಮರೆಯಬೇಡಿ: ಘಾಟಿಗೆ ಹೊಸಬರು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕುತ್ತಾರೆ, ಹಮಾಲರು ಮಾತ್ರ ಆರಾಮ ಚೀಲ ಹೊರುತ್ತಿರುತ್ತಾರೆ.

ಎಲ್ಲಿಗೇ ಹೋಗಿರಿ, ಹೊತ್ತು ಮುಳುಗುವುದರೊಳಗೆ ಹಾವೇರಿಗೆ ಬನ್ನಿ. ಊರೊಳಗಿನ ಪುರದ ಸಿದ್ಧೇಶ್ವರ ಗುಡಿ ಸಾಮಾನ್ಯ ಗುಡಿಗಳಂತೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬಂದವರಿಗೆ ಮುಂಭಾಗವೆಲ್ಲ ನೆರಳು. ಇಳಿಬಿಸಿಲಿಗೇ ಅದರ ಕೆತ್ತನೆ ಎದ್ದು ಕಾಣುವುದು. ಸುತ್ತಲ ನೆಲ ಏರಿದ್ದರಿಂದ ಮಂಟಪಕ್ಕೆ ಮೆಟ್ಟಿಲಿಳಿದು ಹೋಗಬೇಕು. ಬಳಪದ ಕಲ್ಲಿನ ಕಂಬಗಳನ್ನು ಹತ್ತಿರದಿಂದ ನೋಡಿ, ತಿರುಗಣೆಯಲ್ಲಿ ಕಡೆದ ಉಂಗುರಗಳು ಒಂದರ ಮೇಲೊಂದು ಎಷ್ಟು ಸಪೂರ ಕೂತಿವೆ! ನನ್ನ ಮಟ್ಟಿಗಂತೂ ಈ ಒಂದು ಗುಡಿಗಾಗಿಯೇ ಇಲ್ಲಿ ಇಳಿಯಬಹುದು. ಪೂಜೆ ನಡೆಯುವ ಗುಡಿ, ಚಪ್ಪಲಿ ಹೊರಗಿರಲಿ.

ಊಟಕ್ಕೆ ಹೋಟೆಲಿಗಿಂತ ಖಾನಾವಳಿ ಹುಡುಕಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಮನೆಗೆ ಒಯ್ಯಲು ಏಲಕ್ಕಿ ಹಾರ ಈ ಊರಿನ ಹೆಸರಾಂತ ಸರಕು, ಆದರೆ ಅಗ್ಗದ್ದಲ್ಲ. ಎಳೆ ಎಷ್ಟಿವೆ ಎಂಬುದರ ಮೇಲೆ ಬೆಲೆ, ಕೊಳ್ಳುವ ಮುಂಚೆ ಎಣಿಸಿ ನೋಡಿ.