ಆಧಾರ ಕರಗಿದರೂ ಉಳಿಯುವ ಲೇಸ್

ಬಟ್ಟೆಯ ಮೇಲೆ ದಾರದಿಂದ ಹೂಬಳ್ಳಿ ಮೂಡಿಸುವುದು ಕಸೂತಿ. ಕೆಲಸ ಮುಗಿದೊಡನೆ ಆ ಬಟ್ಟೆಯೇ ಮಾಯವಾಗಿ ದಾರದ ಹೂವಷ್ಟೇ ಕೈಯಲ್ಲಿ ಉಳಿದರೆ? ಕಸೂತಿ ಯಂತ್ರದಲ್ಲಿ ತಯಾರಾಗುವ ಸ್ವತಂತ್ರ ಲೇಸ್ ಇಂತಹುದೇ. ಕಿಟಕಿಗೆ ತೂಗುಬಿಡುವ ನಕ್ಷತ್ರ, ಬಾಗಿಲಿನ ತೋರಣ, ಮೇಜಿನ ಮೇಲಿಡುವ ಪುಟ್ಟ ಬಟ್ಟಲು, ದೀಪದ ಸುತ್ತಣ ಜಾಲರಿ ಇವೆಲ್ಲವನ್ನೂ ಇದರಿಂದ ರೂಪಿಸಬಹುದು. ರವಿಕೆಗಳ ಕಸೂತಿಗೆಂದು ಗಣಕೀಕೃತ ಯಂತ್ರ ಕೊಂಡವರು ಇದಕ್ಕಾಗಿ ಬೇರೆ ಯಂತ್ರ ಕೊಳ್ಳಬೇಕಿಲ್ಲ.

ತಂತ್ರವೇನೂ ಹೊಸತಲ್ಲ. ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ 1863ರಲ್ಲಿ ಶಿಫ್ಲಿ ಕಸೂತಿ ಯಂತ್ರವನ್ನು ನಿರ್ಮಿಸಿದನು. 1880ರ ದಶಕದಲ್ಲಿ ಅದೇ ದೇಶದ ಸೇಂಟ್ ಗಾಲೆನ್ ಹಾಗೂ ಜರ್ಮನಿಯ ಪ್ಲಾವೆನ್ ಪ್ರದೇಶದ ತಯಾರಕರು ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಿಂದ ಕಸೂತಿ ಹಾಕಿ, ಅದನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದತೊಡಗಿದರು. ಪ್ರಾಣಿಜನ್ಯವಾದ ರೇಷ್ಮೆ ಕ್ಷಾರದಲ್ಲಿ ಕರಗುತ್ತದೆ. ಸಸ್ಯಜನ್ಯವಾದ ಹತ್ತಿ ಉಳಿಯುತ್ತದೆ. 'ರಾಸಾಯನಿಕ ಲೇಸ್' ಎಂಬ ಹೆಸರು ಬಂದುದು ಹೀಗೆ. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಪ್ಲಾವೆನ್ ಲೇಸಿಗೆ ಗ್ರ್ಯಾಂಡ್ ಪ್ರಿ ಬಹುಮಾನವೂ ದೊರೆಯಿತು. ಇಂದು ಮನೆಯಲ್ಲಿ ಈ ಕೆಲಸ ಮಾಡುವವರಿಗೆ ಕ್ಷಾರದ ಗೊಡವೆಯಿಲ್ಲ. ಪಾಲಿವಿನೈಲ್ ಆಲ್ಕೋಹಾಲ್‌ನಿಂದ ತಯಾರಿಸಿದ ಹಾಳೆ ಬರಿಯ ನೀರಿನಲ್ಲೇ ಕರಗುತ್ತದೆ.

ತೊಡಕು ಇರುವುದು ವಿನ್ಯಾಸದ ಆಯ್ಕೆಯಲ್ಲಿ. ಸಾಮಾನ್ಯ ಕಸೂತಿಯ ವಿನ್ಯಾಸದಲ್ಲಿ ಹೂವಿಗೂ ಎಲೆಗೂ ನಂಟು ಇರಬೇಕಾಗಿಲ್ಲ, ಎರಡನ್ನೂ ಬಟ್ಟೆ ಹಿಡಿದಿರುತ್ತದೆ. ಅದನ್ನೇ ಕರಗುವ ಹಾಳೆಯ ಮೇಲೆ ಹಾಕಿದರೆ ಯಂತ್ರದಿಂದ ಇಳಿಸುವಾಗ ಬಲು ಚೆಲುವಾಗಿಯೇ ಕಾಣುತ್ತದೆ. ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಗಂಟೆಗಟ್ಟಲೆಯ ದುಡಿಮೆ ದಾರದ ಮುದ್ದೆಯಾಗುತ್ತದೆ. ಲೇಸಿಗೆಂದೇ ರಚಿಸಿದ ವಿನ್ಯಾಸದಲ್ಲಿ ಮೊದಲು ಅಡ್ಡ-ಉದ್ದ ಹೊಲಿಗೆಗಳ ಬಲೆ ಬೀಳುತ್ತದೆ, ಅದರ ಮೇಲೆ ಒತ್ತಾದ ಹೊಲಿಗೆ ಕೂರುತ್ತದೆ. ಪ್ರತಿ ಎಸಳೂ ಪಕ್ಕದ ಎಸಳನ್ನು ಕಚ್ಚಿಕೊಂಡಿರುತ್ತದೆ. ಕೊಳ್ಳುವ ಮುನ್ನ ತೆರೆಯ ಮೇಲೆ ವಿನ್ಯಾಸವನ್ನು ಹಿಗ್ಗಿಸಿ ಈ ಕೊಂಡಿಗಳನ್ನು ಪರೀಕ್ಷಿಸಬೇಕು. ವಿನ್ಯಾಸದ ಅಳತೆಯನ್ನೇ ಬದಲಿಸುವುದು ಮಾತ್ರ ಬೇಡ. ದೊಡ್ಡದು ಮಾಡಿದರೆ ಬಲೆಯ ಕಣ್ಣುಗಳು ಅಗಲವಾಗಿ ಹಿಡಿತ ತಪ್ಪಬಹುದು.

ಹಾಳೆಗಳಲ್ಲಿ ಪ್ಲಾಸ್ಟಿಕ್‌ನಂತೆ ತೆಳುವಾದುದಕ್ಕಿಂತ ಬಟ್ಟೆಯಂತೆ ನಾರುಳ್ಳದ್ದು ಉತ್ತಮ. ತೆಳು ಹಾಳೆ ಸೂಜಿಯ ಪೆಟ್ಟಿಗೆ ಹರಿಯುತ್ತದೆ. ಎರಡು ಪದರ ಜೋಡಿಸಿ ಚೌಕಟ್ಟಿನಲ್ಲಿ ತಮಟೆಯಂತೆ ಬಿಗಿಯಬೇಕು. ಲೇಸಿಗೆ ಹಿಂಬದಿಯೆಂಬುದಿಲ್ಲವಾದ್ದರಿಂದ ಬಾಬಿನ್‌ಗೂ ಮೇಲಿನ ದಾರದ ಬಣ್ಣವನ್ನೇ ಸುತ್ತಬೇಕು. ರೇಯಾನ್ ದಾರ ಒದ್ದೆಯಾದಾಗ ಬಲಗುಂದುತ್ತದೆ, ಪಾಲಿಯೆಸ್ಟರ್ ಹಾಗಲ್ಲ. ಯಂತ್ರದ ವೇಗ ತಗ್ಗಿಸುವುದು ಲೇಸು. ತೊಳೆಯುವ ಮೊದಲೇ ಒಂದೆಡೆಯಿಂದ ಇನ್ನೊಂದೆಡೆಗೆ ಹಾರಿದ ದಾರಗಳನ್ನು ಕತ್ತರಿಸಿ, ಹೆಚ್ಚಿನ ಹಾಳೆಯನ್ನೂ ಅಂಚಿನವರೆಗೆ ಕತ್ತರಿಸಿ ತೆಗೆಯಬೇಕು.

ತೊಳೆಯುವುದರಲ್ಲಿಯೂ ಒಂದು ಹದವಿದೆ. ಉಗುರುಬೆಚ್ಚನೆಯ ನೀರಿನಲ್ಲಿ ಜಾಲಾಡಿ, ಬೆರಳಿಗೆ ತುಸು ಅಂಟು ತಾಕುತ್ತಿರುವಾಗಲೇ ಹೊರತೆಗೆಯಬೇಕು. ಉಳಿದ ಆ ಅಂಶವೇ ಒಣಗಿದಾಗ ಗಂಜಿಯಂತೆ ಲೇಸನ್ನು ಸೆಟೆದು ನಿಲ್ಲಿಸುತ್ತದೆ. ನಕ್ಷತ್ರವಾದರೆ ಸಮತಟ್ಟಾದ ಹಲಗೆಯ ಮೇಲೆ ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಬಟ್ಟಲು ಬೇಕಿದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿದ ಬೋಗುಣಿಯೊಂದನ್ನು ಬೋರಲಾಗಿಸಿ, ಅದರ ಮೇಲೆ ಒದ್ದೆ ಲೇಸನ್ನು ಹರಡಿದರಾಯಿತು. ಅತಿಯಾಗಿ ತೊಳೆದು ಮೆತ್ತಗಾದರೆ ಹಾಳೆಯ ಚೂರುಗಳನ್ನು ನೀರಿನಲ್ಲಿ ಕರಗಿಸಿ, ಅದರಲ್ಲಿ ಮತ್ತೊಮ್ಮೆ ಅದ್ದಬಹುದು.

ಕರಾವಳಿ, ಮಲೆನಾಡಿನ ಓದುಗರು ಗಮನಿಸಬೇಕಾದ ಮಾತೊಂದಿದೆ. ಮಳೆಗಾಲದ ತೇವಕ್ಕೆ ಈ ಅಂಟು ಸಡಿಲಗೊಂಡು ತೋರಣ ಜೋಲುತ್ತದೆ. ಕರಗುವ ಹಾಳೆಯೂ ಗಾಳಿಯಾಡದ ಚೀಲದಲ್ಲಿರಬೇಕು. ಇನ್ನು ದೀಪಾವಳಿಯ ಗೂಡುದೀಪಕ್ಕೆ ಲೇಸಿನ ಫಲಕಗಳನ್ನು ಜೋಡಿಸುವವರು ಒಳಗೆ ಹಣತೆ ಇಡಕೂಡದು. ಪಾಲಿಯೆಸ್ಟರ್ ಕರಗಿ ಉರಿಯುವ ವಸ್ತು. ಬಿಸಿಯಾಗದ ಎಲ್‌ಇಡಿ ದೀಪ ಸಾಕು.