ಹವಳ ಕಲ್ಲಲ್ಲ

ಮದುವೆಯ ಮನೆಯಲ್ಲಿ ಅಜ್ಜಿಯ ಕೊರಳಿನ ಹವಳದ ಸರವನ್ನು ಕಂಡವರು ಅದನ್ನು ಕಲ್ಲೆಂದೇ ಬಗೆಯುತ್ತಾರೆ. ನವರತ್ನಗಳ ಸಾಲಿನಲ್ಲಿ ಅದಕ್ಕೂ ಸ್ಥಾನವಿರುವಾಗ ಅವರನ್ನು ತಪ್ಪೆನ್ನುವಂತಿಲ್ಲ. ಯೂರೋಪಿನ ಪಂಡಿತರಾದರೋ ಅದನ್ನು ಗಿಡವೆಂದು ನಂಬಿದ್ದರು. 1720ರ ದಶಕದಲ್ಲಿ ಮಾರ್ಸೇಲ್ಸಿನ ವೈದ್ಯ ಪೇಸೊನೆಲ್, ಹವಳದ ‘ಹೂ’ಗಳು ಹೂಗಳಲ್ಲ, ಪುಟ್ಟ ಪ್ರಾಣಿಗಳು ಎಂದು ಬರೆದನು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಅದನ್ನಿಟ್ಟ ರೆಯೋಮ್ಯೂರ್ ಲೇಖಕನ ಹೆಸರನ್ನೇ ಮುಚ್ಚಿಟ್ಟನು. ಪಾಪ, ಅವನು ನಗೆಗೀಡಾಗದಿರಲೆಂಬ ಕನಿಕರ! ಮುಂದೆ ತಪ್ಪನ್ನು ಒಪ್ಪಿಕೊಂಡವನೂ ಅದೇ ರೆಯೋಮ್ಯೂರನೇ.

ಪ್ರಾಣಿಯೇನೋ ಹೌದು. ಆದರೆ ಅದರ ಮಗ್ಗುಲಲ್ಲೇ ಈಜುವ ಮೀನಿಗೂ ಅದಕ್ಕೂ ಹೋಲಿಕೆಯೆಲ್ಲಿ? ಮೀನಿಗೆ ಬೆನ್ನೆಲುಬುಂಟು, ಮಿದುಳುಂಟು, ಹೃದಯವುಂಟು, ಉಸಿರಾಡಲು ಕಿವಿರುಗಳುಂಟು. ಹವಳದ ಜೀವಿಗೆ ಇವಾವುವೂ ಇಲ್ಲ. ಅದೊಂದು ಪುಟ್ಟ ಚೀಲ. ಇರುವುದು ಒಂದೇ ಬಾಯಿ. ಉಣ್ಣುವುದೂ ಅದರಿಂದಲೇ, ಉಳಿದುದನ್ನು ಹೊರಹಾಕುವುದೂ ಅದರಿಂದಲೇ. ಬಾಯ ಸುತ್ತಲೂ ಕುಟುಕುವ ಎಳೆಗಳು. ಸರದ ಕೆಂಪು ಹವಳದ ದಾಯಾದಿಯಾದ ದಿಬ್ಬದ ಹವಳವು ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲನ್ನು ಕಟ್ಟಿಕೊಂಡು ಅದರಲ್ಲೇ ಕೂರುತ್ತದೆ. ಮೊಗ್ಗೊಡೆದಂತೆ ಒಂದರಿಂದ ಇನ್ನೊಂದು ಹುಟ್ಟಿ, ಸಾವಿರಾರು ಜೀವಿಗಳು ಒಂದೇ ಮೈಯಂತೆ ಬೆಳೆಯುತ್ತವೆ. ಮೀನು ಹೀಗೆ ಕವಲೊಡೆಯಲಾರದು.

ಎಲ್ಲಕ್ಕಿಂತ ದೊಡ್ಡ ಅಂತರ ಚಲನೆಯದು. ಮರಿಯಾಗಿದ್ದಾಗ ನೀರಿನಲ್ಲಿ ತೇಲಾಡಿದ್ದೇ ಹವಳದ ತೀರ್ಥಯಾತ್ರೆ. ನೆಲೆ ಹಿಡಿದ ಮೇಲೆ ಅದು ಕದಲುವುದಿಲ್ಲ. ಕೂತಲ್ಲೇ ಊಟ ದೊರೆಯುವುದೂ ಉಂಟು: ದಿಬ್ಬದ ಹವಳದ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಬಿಸಿಲಿನಿಂದ ಆಹಾರವನ್ನು ತಯಾರಿಸಿ, ಬಹುಭಾಗವನ್ನು ಮನೆಯ ಯಜಮಾನನಿಗೇ ಒಪ್ಪಿಸುತ್ತದೆ. ಹವಳದ ಬಣ್ಣವೂ ಹೆಚ್ಚಾಗಿ ಈ ಬಾಡಿಗೆದಾರನದೇ.

ಕಡಲು ಕಾದಾಗ ಈ ಸಂಸಾರ ಒಡೆಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಬಿಳುಪೇರುತ್ತದೆ. ಕಾವು ಬೇಗನೆ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಮೀನಾದರೆ ತಂಪಿನೆಡೆಗೆ ಸಾಗಲೆತ್ನಿಸಬಹುದು. ಹವಳ ಎಲ್ಲಿಗೆ ಹೋದೀತು? ಅದರ ಸಂದುಗಳಲ್ಲಿ ಅಡಗುವ ಸಣ್ಣ ಮೀನುಗಳಿಗೂ ಆಗ ಮನೆ ತಪ್ಪುತ್ತದೆ. ಆ ದ್ವೀಪಗಳ ನೆಲವೇ ಹವಳ ಕಟ್ಟಿದ ಸುಣ್ಣವಾದುದರಿಂದ, ಅಲ್ಲಿಯ ಜನರಿಗೂ ಇದು ದೂರದ ಸುದ್ದಿಯಲ್ಲ.

ಮೀನೂ ಸುಮ್ಮನಿರುವುದಿಲ್ಲ. ಗಿಣಿಯ ಕೊಕ್ಕಿನಂಥ ಹಲ್ಲುಳ್ಳ ಗಿಣಿಮೀನು, ಸತ್ತ ಹವಳವನ್ನು ಮುಸುಕಿದ ಪಾಚಿಯನ್ನು ಕೆರೆದು ತಿನ್ನುತ್ತದೆ. ಹಾಗೆ ಬರಿದಾದ ಸುಣ್ಣದ ಮೇಲೆ, ತೇಲಿಬಂದ ಹೊಸ ಮರಿಯೊಂದು ಅಂಟಿಕೊಳ್ಳುತ್ತದೆ.