ಶೇಕಡಾ ಹತ್ತರೊಳಗಿನ ಚಿಟಿಕೆ ಅಯೋಡಿನ್

ಶಸ್ತ್ರಚಿಕಿತ್ಸೆಗೆ ಮುನ್ನ ಚರ್ಮಕ್ಕೆ ಬಳಿಯುವ ಕಂದು ದ್ರಾವಣ ಪೊವಿಡೋನ್ ಅಯೋಡಿನ್. ಬಾಟಲಿಯ ಮೇಲೆ ಶೇ. 10 ಎಂದಿದ್ದರೂ ಅದರಲ್ಲಿ ಅಯೋಡಿನ್ ಇರುವುದು ಶೇ. 1ರಷ್ಟೇ. ಆ ಒಂದರಲ್ಲೂ ರೋಗಾಣುವಿನ ಮೇಲೆ ನೇರವಾಗಿ ಎರಗಬಲ್ಲ ಬಿಡಿ ಅಯೋಡಿನ್, ಹತ್ತು ಲಕ್ಷ ಪಾಲು ದ್ರಾವಣಕ್ಕೆ ಬೆರಳೆಣಿಕೆಯ ಪಾಲು. ಮಿಕ್ಕಿದ್ದೆಲ್ಲ ಪೊವಿಡೋನ್ ಎಂಬ ಪಾಲಿಮರಿನ ಹಿಡಿತದಲ್ಲಿರುತ್ತದೆ.

ಇಂಥ ಸುತ್ತುಬಳಸಿನ ಏರ್ಪಾಡು ಬೇಕಾದದ್ದು ಅಯೋಡಿನ್ನಿನ ಚಂಚಲ ಸ್ವಭಾವದಿಂದ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ತ್ವಾ ಕಡಲಕಳೆಯ ಬೂದಿಯ ಜೊತೆ ಕೆಲಸ ಮಾಡುತ್ತ ಸಲ್ಫ್ಯೂರಿಕ್ ಆಮ್ಲವನ್ನು ತುಸು ಹೆಚ್ಚು ಸುರಿದಾಗ ನೇರಳೆ ಹಬೆ ಎದ್ದು, ತಣ್ಣಗಾದಲ್ಲಿ ಹೊಳೆಯುವ ಕಪ್ಪು ಹರಳಾಯಿತು. ಈ ಹರಳು ಕರಗುವುದು ಸುಮಾರು 114 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಅಷ್ಟು ಕಾಯಬೇಕಿಲ್ಲ, ತೆರೆದಿಟ್ಟರೆ ಕೋಣೆಯ ಬಿಸುಪಿಗೇ ನಿಧಾನವಾಗಿ ಆವಿಯಾಗಿ ಹೋಗುತ್ತದೆ. ನೀರಿಗೂ ಒಲ್ಲದು, ಲೀಟರಿಗೆ ಕರಗುವುದು ಸುಮಾರು 0.3 ಗ್ರಾಂ. ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದರೆ ಮಾತ್ರ ಮೂರು ಪರಮಾಣುಗಳ ಟ್ರೈಅಯೋಡೈಡ್ ಆಗಿ ಸಲೀಸಾಗಿ ಕರಗುತ್ತದೆ. 1829ರ ಲುಗೋಲ್ ದ್ರಾವಣದ ಗುಟ್ಟು ಇದೇ. ಆಲ್ಕೋಹಾಲಿನಲ್ಲಿ ಕರಗಿಸಿದರೆ ಟಿಂಚರ್. ತರಚಿದ ಮೊಣಕಾಲಿಗೆ ಅದನ್ನು ಹಚ್ಚಿಸಿಕೊಂಡವರಿಗೆ ಉರಿಯ ವರ್ಣನೆ ಬೇಕಿಲ್ಲ.

1950ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಪೊವಿಡೋನ್ ಅಯೋಡಿನ್ ಈ ಉರಿಯನ್ನು ತಗ್ಗಿಸಿತು. (ಪೊವಿಡೋನ್ ಅದಕ್ಕೂ ಮೊದಲು ರಕ್ತದ್ರವದ ಬದಲಿಯಾಗಿ ಎರಡನೇ ಮಹಾಯುದ್ಧದಲ್ಲಿ ಬಳಕೆಯಾಗಿತ್ತು.) ಬಿಡಿ ಅಯೋಡಿನ್ ರೋಗಾಣುವಿನ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳನ್ನು ಉತ್ಕರ್ಷಿಸಿ ಕೆಡಿಸುತ್ತ ಖರ್ಚಾದಂತೆಲ್ಲ, ಪಾಲಿಮರು ಹಗೇವಿನಿಂದ ಕಾಳು ತೆಗೆದುಕೊಟ್ಟಂತೆ ಹೊಸದನ್ನು ಬಿಡುತ್ತ ಹೋಗುತ್ತದೆ.

ಇಲ್ಲೇ ನನಗೆ ಅತಿ ಸ್ವಾರಸ್ಯವೆನಿಸುವ ಸಂಗತಿ ಇರುವುದು. ದ್ರಾವಣಕ್ಕೆ ನೀರು ಬೆರೆಸಿದರೆ ಪಾಲಿಮರಿನ ಹಿಡಿತ ಸಡಿಲವಾಗಿ ಬಿಡಿ ಅಯೋಡಿನ್ ಹೆಚ್ಚುತ್ತದೆ! ನೂರು ಪಟ್ಟು ತೆಳುವಾಗಿ ಶೇ. 0.1ರ ಆಸುಪಾಸಿಗೆ ಬಂದಾಗ ಅದು ಗರಿಷ್ಠ. ತೆಳು ದ್ರಾವಣ ಬ್ಯಾಕ್ಟೀರಿಯಾಗಳನ್ನು ಬೇಗ ಕೊಲ್ಲುವುದು ಪ್ರಯೋಗಶಾಲೆಯಲ್ಲಿ ಕಂಡಿದೆ. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಂತೂ ಗಟ್ಟಿ ದ್ರಾವಣದೊಳಗೇ ಆಗ ಸ್ಯೂಡೋಮೊನಾಸ್ ಗುಂಪಿಗೆ ಸೇರಿಸಿದ್ದ ಒಂದು ಬ್ಯಾಕ್ಟೀರಿಯಾ ಬದುಕಿದ್ದದ್ದು ಪತ್ತೆಯಾಯಿತು. ಹಾಗೆಂದು ಮನೆಯಲ್ಲಿ ನೀರು ಬೆರೆಸಬೇಡಿ. ತೆಳುವಾದಾಗ ಒಟ್ಟು ದಾಸ್ತಾನು ಕುಗ್ಗುತ್ತದೆ. ರಕ್ತ, ಕೀವು ಎದುರಾದರೆ ಕ್ಷಣದಲ್ಲಿ ಬರಿದು.

ಮಾಯದ ಹುಣ್ಣುಗಳಿಗೆ ಬಳಸುವ ಕ್ಯಾಡೆಕ್ಸೋಮರ್ ಅಯೋಡಿನ್‌ನಲ್ಲಿ ಈ ಹಿಡಿತದ ಕೆಲಸ ಪಿಷ್ಟದ ಸಣ್ಣ ಮಣಿಗಳದ್ದು. ಹುಣ್ಣಿನ ಸೋರಿಕೆಯನ್ನು ಹೀರಿ ಉಬ್ಬುತ್ತ ಅವು ಅಯೋಡಿನ್ನನ್ನು ಬಿಡುತ್ತವೆ. ಸೋರಿಕೆ ಜಾಸ್ತಿಯಿದ್ದರೆ ಬಿಡುಗಡೆಯೂ ಜಾಸ್ತಿ. ಅಯೋಡಿನ್ ತೀರಿದಂತೆ ಕಂದು ಬಣ್ಣ ಬಿಳಿಚುತ್ತದೆ, ಪಟ್ಟಿ ಬದಲಿಸುವ ಹೊತ್ತು ದಾದಿಗೆ ಗೊತ್ತಾಗುವುದು ಅದರಿಂದಲೇ.